ಪುಂಡಿ ಬೀಜದ ಡಬ್ಬಿ

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ನಡುವೆಯೇ ಎದ್ದು ನೀರು ಕುಡಿಯಲು ಹೋಗುತ್ತಿದ್ದವಳು. ದಾವಣಗೆರೆಯ ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದರು. ಕನಸಿನಲ್ಲಿ ಯಾರು ಬಂದರು, ಏನು ಹೇಳಿದರು ಎಂಬುದರಿಂದಲೇ ಅವರ ಬೆಳಗು ಶುರುವಾಗುತ್ತಿತ್ತು. 'ಅತ್ತೆ, ನಿನ್ನೆ ಯಾರ ಪಾಳಿ?' ಎಂದು ನಾನು ಕೀಟಲೆ ಮಾಡುತ್ತಿದ್ದೆ. ಓದಿದ್ದು ಸಂಖ್ಯಾಶಾಸ್ತ್ರ. ಹತ್ತು ಸಲ ಊಹಿಸಿದರೆ ಒಂದು ಸರಿಹೋಗುತ್ತದೆ, ಜನ ಆ ಒಂದನ್ನೇ ನೆನಪಿಟ್ಟುಕೊಳ್ಳುತ್ತಾರೆ ಎಂದು ಕಂಡವರಿಗೆಲ್ಲ ಪಾಠ ಹೇಳುತ್ತಿದ್ದೆ. ಆ ಮಾತನ್ನು ಈಗಲೂ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಲಂಡನ್ನಿನ ಕಿಂಗ್ಸ್‌ಬರಿಯ ಒಂದು ಬ್ಯಾಂಕಿನಲ್ಲಿ ಹಾಡಹಗಲೇ ನಡೆದದ್ದನ್ನು ಅದರೊಳಗೆ ಕೂರಿಸಲು ನನ್ನಿಂದ ಆಗಿಲ್ಲ. ನೀವು ನಂಬಲೇಬೇಕು ಎಂದು ನಾನು ಹೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ಲಂಡನ್ನಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮ ಕೋರ್ಸಿನಲ್ಲಿ ಒಂದು ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡಬೇಕು. ಅದಕ್ಕೆ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಅದು ಅರ್ಧಕ್ಕೆ ನಿಂತರೆ ಕೋರ್ಸೂ ನಿಂತ ಹಾಗೆ, ವೀಸಾವೂ ಹೋದ ಹಾಗೆ. ನನಗೆ ಸಿಕ್ಕಿದ್ದು ಕ್ಯಾನರಿ ವಾರ್ಫ್‌ನ ಒಂದು ಬ್ಯಾಂಕು. ಹ್ಯಾರೋದ ಬಾಡಿಗೆ ಕೋಣೆಯಿಂದ ದಿನಾ ಟ್ಯೂಬ್ ರೈಲಿನಲ್ಲಿ ನಿಂತುಕೊಂಡೇ ಹೋಗಿ, ಸಂಜೆಯವರೆಗೆ ಗ್ರಾಹಕರ ದೂರುಗಳನ್ನು ಕಂಪ್ಯೂಟರಿನಲ್ಲಿ ವಿಂಗಡಿಸುತ್ತಿದ್ದೆ. ಎಂಟು ತಿಂಗಳಲ್ಲಿ ಒಬ್ಬ ಗ್ರಾಹಕರ ಮುಖವನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ ಬ್ಯಾಂಕಿನವರು ಕಿಂಗ್ಸ್‌ಬರಿ ಶಾಖೆಯನ್ನು ಮುಚ್ಚಲು ಹೊರಟರು. ಅದರ ನೆಲಮಾಳಿಗೆಯಲ್ಲಿ ಲಾಕರುಗಳಿದ್ದವು. ಆ ಕಡೆಯ ಭಾರತೀಯ ಮನೆಗಳ ಮದುವೆ ಒಡವೆಗಳೆಲ್ಲ ಅಲ್ಲೇ ಇದ್ದವು ಅಂದರೂ ಸರಿಯೇ. ಎಲ್ಲರನ್ನೂ ಕರೆಸಿ ಖಾಲಿ ಮಾಡಿಸಬೇಕಿತ್ತು. ಭಾರತದ ಭಾಷೆ ಯಾರಿಗೆ ಬರುತ್ತದೆ ಎಂದು ಕೇಳಿದಾಗ ಕೈ ಎತ್ತಿದೆ. ಬಂದವರಲ್ಲಿ ಮುಕ್ಕಾಲುಪಾಲು ಗುಜರಾತಿ ಮಾತಾಡುವವರು. ಅವರ ಮುಂದೆ ನಾನು ನಗುತ್ತ ಕುರ್ಚಿ ತೋರಿಸುವುದಕ್ಕಷ್ಟೇ ಉಪಯೋಗವಾದೆ.

ಶಾಖೆಯ ಮ್ಯಾನೇಜರ್ ಹೆಲೆನ್ ಮೊದಲ ದಿನವೇ ನಿಯಮ ಹೇಳಿದ್ದರು. ಒಂದೊಂದು ಲಾಕರಿಗೂ ಎರಡು ಬೀಗದಕೈ, ಒಂದು ಬ್ಯಾಂಕಿನದು, ಒಂದು ಗ್ರಾಹಕರದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಗ್ರಾಹಕರು ತಮ್ಮ ಬೀಗದಕೈಯನ್ನು ಎಲ್ಲಿಡುತ್ತಾರೆ ಎಂಬುದು ಸಿಬ್ಬಂದಿಗೆ ಗೊತ್ತಿರಬಾರದು.

ಸುಶೀಲಾಬಾಯಿ ಬಂದದ್ದು ಒಂದು ಸೋಮವಾರ, ಮೂರು ಗಂಟೆಗೆ ಕಾಲು ಗಂಟೆ ಇದ್ದಾಗ. ಎಂಬತ್ತು ದಾಟಿದ ಧಾರವಾಡದ ಹೆಂಗಸು, ಲಂಡನ್ನಿಗೆ ಬಂದು ಐವತ್ತು ವರ್ಷದ ಹತ್ತಿರ. ಗಂಡ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಲಾಕರು ಇಬ್ಬರ ಹೆಸರಿನಲ್ಲಿತ್ತು, ಬೀಗದಕೈ ಮಾತ್ರ ಅವರು ಎಲ್ಲಿಟ್ಟಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಮೂರು ಗಂಟೆಗೆ ಬೀಗ ಒಡೆಯುವವನು ಬರುವುದೆಂದು ನಿಗದಿಯಾಗಿತ್ತು. ಜೊತೆಗೆ ಮಗ ಪ್ರಮೋದ್, ನಲವತ್ತೈದರ ಆಸುಪಾಸಿನವರು, ರಜೆ ಹಾಕಿ ಬಂದಿದ್ದರು. ಇಲ್ಲೇ ಹುಟ್ಟಿ ಬೆಳೆದವರು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಮಾತೆಲ್ಲ ಇಂಗ್ಲಿಷು.

ಸುಶೀಲಾಬಾಯಿಯವರಿಗೆ ಬೀಗ ಒಡೆಸುವುದು ಸುತರಾಂ ಇಷ್ಟವಿರಲಿಲ್ಲ. 'ಅವ್ರು ಇಟ್ಟಿದ್ದನ್ನ ಒಡದು ತಗೀಬೇಕೇನು, ತಂಗಿ? ಕಳ್ಳರ ಕೆಲಸ ಅದು' ಎಂದರು. ನಾನು ಕನ್ನಡದವಳೆಂದು ತಿಳಿದು ಅವರಿಗೆ ಸ್ವಲ್ಪ ಧೈರ್ಯ ಬಂದಿತ್ತು. ಅವರನ್ನು ಬಾಗಿಲಿನಿಂದ ನೇರ ಒಳಗಿನ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಅರ್ಜಿ ತುಂಬಿಸಲು ಕೂತೆ. ಎಲ್ಲೆಲ್ಲಿ ಹುಡುಕಿದ್ದೀರಿ ಎಂದು ಅದರಲ್ಲೊಂದು ಪ್ರಶ್ನೆ. ಅವರು ಬೆರಳು ಮಡಿಚುತ್ತ ಹೇಳಿದರು: ದೇವರ ಮನೆ, ಕೋಟಿನ ಕಿಸೆಗಳು, ಔಷಧಿಯ ಪೆಟ್ಟಿಗೆ, ಗ್ಯಾರೇಜು. ನಾನು ಬರೆದುಕೊಂಡೆ. ಬರೆಯುತ್ತಲೇ, ತಲೆ ಎತ್ತದೆ, 'ಶೆಡ್ಡಲ್ಲಿ ನೋಡಿದ್ರಾ ಅಜ್ಜಿ? ಪುಂಡಿ ಬೀಜದ ಡಬ್ಬೀಲಿ?' ಎಂದು ಕೇಳಿದೆ.

ಇಲ್ಲಿ ನಾನು ಜಾಗ್ರತೆಯಿಂದ ಹೇಳಬೇಕು. ನನಗೆ ಯಾವ ದನಿಯೂ ಕೇಳಿಸಲಿಲ್ಲ, ಮೈ ಜುಮ್ಮೆನ್ನಲಿಲ್ಲ, ಯಾರೂ ಕಾಣಿಸಲಿಲ್ಲ. ಮನೆಯಲ್ಲಿ ಯಾರೋ ಕತ್ತರಿ ಹುಡುಕುತ್ತಿದ್ದರೆ ನಾವು ಕೂತಲ್ಲಿಂದಲೇ 'ಫ್ರಿಜ್ ಮೇಲಿದೆ ನೋಡು' ಎನ್ನುತ್ತೇವಲ್ಲ, ಹಾಗೆ ಬಂತು ಆ ಮಾತು. ನನಗೆ ಅದರಲ್ಲಿ ವಿಶೇಷವೇನೂ ಅನಿಸಲಿಲ್ಲ. ಬರೆದು ಮುಗಿಸಿ ತಲೆ ಎತ್ತಿದಾಗಲೇ ನಾನು ಹೇಳಿದ್ದು ನನಗೆ ಕೇಳಿಸಿದ್ದು.

'ಯಾರ ಹೇಳಿದ್ರು ನಿನಗ?' ಎಂದರು ಸುಶೀಲಾಬಾಯಿ.

ಪ್ರಮೋದ್ ಎದ್ದು ನಿಂತಿದ್ದರು. ಅವರ ಮನೆಯಲ್ಲಿ ಶೆಡ್ಡು ಇರಲಿಲ್ಲ. ಆದರೆ ತರಕಾರಿ ಬೆಳೆಯಲು ನಗರಸಭೆಯವರು ಬಾಡಿಗೆಗೆ ಕೊಡುವ ತುಂಡು ಜಾಗವೊಂದು ಅವರ ತಂದೆಯ ಹೆಸರಿನಲ್ಲಿತ್ತು. ಅಲ್ಲಿ ಒಂದು ಮರದ ಶೆಡ್ಡು. ಇಪ್ಪತ್ತು ವರ್ಷ ಮೆಂತ್ಯ, ಬದನೆ, ಪುಂಡಿಪಲ್ಲೆ ಬೆಳೆದಿದ್ದರಂತೆ. ಅವರು ಹೋದ ಮೇಲೆ ಯಾರೂ ಆ ಕಡೆ ಸುಳಿದಿರಲಿಲ್ಲ, ಆ ತಿಂಗಳು ಜಾಗ ವಾಪಸು ಕೊಡುವುದಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಪ್ರಮೋದ್ ಕಾರು ತೆಗೆದುಕೊಂಡು ಹೋದರು. ಮುಕ್ಕಾಲು ಗಂಟೆಯ ನಂತರ ಬಂದಾಗ ತೋಳಿಗೆಲ್ಲ ಜೇಡರ ಬಲೆ, ಕೈಯಲ್ಲಿ ಹಳೆಯ ಕಾಫಿ ಪುಡಿಯ ಡಬ್ಬಿ. ಮೇಲೆ ಅಂಟಿಸಿದ ಕಾಗದದಲ್ಲಿ ಕನ್ನಡದಲ್ಲಿ 'ಪುಂಡಿ' ಎಂದು ಬರೆದಿತ್ತು. ಬೀಜದ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಾಕರಿನ ಬೀಗದಕೈ.

ಬೀಗ ಒಡೆಯಲು ಬಂದು ಕಾಯುತ್ತಿದ್ದವನನ್ನು ಹೆಲೆನ್ ವಾಪಸು ಕಳಿಸಿದರು. ಲಾಕರು ತೆರೆಯಿತು. ಸುಶೀಲಾಬಾಯಿ ಅದರ ಪೆಟ್ಟಿಗೆಯನ್ನು ಮರೆಗೆ ಒಯ್ದು, ಮಗನನ್ನೂ ಹೊರಗೆ ನಿಲ್ಲಿಸಿ, ಹತ್ತು ನಿಮಿಷದ ಮೇಲೆ ಕೈಚೀಲದ ಜಿಪ್ಪು ಎಳೆದುಕೊಂಡು ಬಂದರು. ಏನಿತ್ತೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ನನ್ನ ಗ್ರಹಚಾರ ಶುರುವಾದದ್ದು ಅವರು ಹೋದ ಮೇಲೆ. ಹೆಲೆನ್ ಚಹಾ ಮಾಡಿಕೊಟ್ಟು, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೇಳುವಾಗಲೇ ಅದು ಕಳ್ಳಿಯ ಮಾತಿನ ಹಾಗೆ ಕೇಳಿಸಿತು. ಹೆಲೆನ್ ಕೆಟ್ಟವರಲ್ಲ, ಆದರೆ ಮೇಲಿನವರಿಗೆ ತಿಳಿಸದೆ ಇರುವಂತಿರಲಿಲ್ಲ. ಎರಡು ದಿನದಲ್ಲಿ ಕ್ಯಾನರಿ ವಾರ್ಫ್‌ನಿಂದ ತನಿಖೆಗೆ ಒಬ್ಬ ಅಧಿಕಾರಿ ಬಂದ. ತಾಳ್ಮೆಯ ಮನುಷ್ಯ. ಪ್ರಮೋದ್ ತಂದೆ ಲಾಕರಿಗೆ ಕೊನೆಯ ಸಲ ಬಂದು ಸಹಿ ಮಾಡಿದ್ದು ಮೂರು ವರ್ಷದ ಹಿಂದೆ. ಆಗ ನಾನು ದಾವಣಗೆರೆಯಲ್ಲಿದ್ದೆ. ತರಕಾರಿ ಜಾಗದ ಗೇಟಿಗೆ ನಂಬರಿನ ಬೀಗ. ನಾನು ಆ ರಸ್ತೆಯನ್ನೇ ನೋಡಿರಲಿಲ್ಲ. ಅವನು ಕೆದಕಿದಷ್ಟೂ ನನ್ನ ಸ್ಥಿತಿ ಬಿಗಡಾಯಿಸುತ್ತ ಹೋಯಿತು. ಊಹಿಸಿದೆ ಎಂದೆ. ಶೆಡ್ಡು ಸರಿ, ಬೀಜದ ಹೆಸರನ್ನೂ ಊಹಿಸಿದೆಯಾ ಎಂದ. ಶುಕ್ರವಾರದೊಳಗೆ ಸಮಾಧಾನಕರ ವಿವರಣೆ ಸಿಗದಿದ್ದರೆ ಪ್ಲೇಸ್‌ಮೆಂಟ್ ರದ್ದು ಮಾಡುವಂತೆ ಬರೆಯಬೇಕಾಗುತ್ತದೆ ಎಂದು ಸೌಮ್ಯವಾಗಿಯೇ ತಿಳಿಸಿದ. ಆ ಎರಡು ರಾತ್ರಿ ನಾನು ಅತ್ತದ್ದನ್ನು ಮನೆಯವರಿಗೆ ಈವರೆಗೂ ಹೇಳಿಲ್ಲ.

ಶುಕ್ರವಾರ ಸುಶೀಲಾಬಾಯಿ ಮತ್ತು ಪ್ರಮೋದ್ ಇಬ್ಬರನ್ನೂ ಹೇಳಿಕೆಗೆ ಕರೆಸಿದ್ದರು. ನಾನೂ ಅದೇ ಕೋಣೆಯಲ್ಲಿದ್ದೆ. ಸುಶೀಲಾಬಾಯಿ ಕೂತು, ಶಾಲು ಸರಿಮಾಡಿಕೊಂಡು, ನಿಧಾನವಾದ ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದರು: ಈ ಹುಡುಗಿಗೆ ನಾನೇ ಹೇಳಿದ್ದೆ. ಅರ್ಜಿ ತುಂಬುವ ಮೊದಲು ಗಂಡನ ಶೆಡ್ಡು, ಬೀಜದ ಡಬ್ಬಿ ಎಲ್ಲ ಮಾತಾಡಿದ್ದೆ, ಆಮೇಲೆ ನನಗೇ ಮರೆತುಹೋಯಿತು. ಪ್ರಮೋದ್ ತಾಯಿಯ ಮುಖವನ್ನೇ ನೋಡಿದರು. ನನ್ನೆದುರಿಗೆ ಅಂಥ ಮಾತಾಗಲಿಲ್ಲವಲ್ಲ ಎಂದು ಕೇಳಿದರು. ನಿನಗೆ ಕೇಳಿಸಿರಲಿಕ್ಕಿಲ್ಲ, ನನಗೂ ವಯಸ್ಸಾಯಿತು, ಇತ್ತೀಚೆಗೆ ಏನೂ ನೆನಪಿರುವುದಿಲ್ಲ ಎಂದರು ಅವರು.

ಅವರು ಅಂಥದ್ದೇನೂ ಮಾತಾಡಿರಲಿಲ್ಲ. ಬಾಗಿಲಿನಿಂದ ಅರ್ಜಿಯವರೆಗೆ ಮೂವರೂ ಒಟ್ಟಿಗೇ ಇದ್ದೆವು. ಅಧಿಕಾರಿ ನನ್ನ ಕಡೆ ತಿರುಗಿ, ಹೌದೇ ಎಂದ. ನಾನು ಹೌದು ಎಂದೆ. ಸಹಿಯನ್ನೂ ಮಾಡಿದೆ. ನನ್ನ ಪ್ಲೇಸ್‌ಮೆಂಟ್ ಮುಗಿಯಿತು. ಗ್ರಾಹಕರ ಮಾತನ್ನು ಗಮನವಿಟ್ಟು ಕೇಳುತ್ತಾಳೆ ಎಂದು ಹೆಲೆನ್ ವರದಿಯಲ್ಲಿ ಬರೆದರು.

ಮುಂದಿನ ಬೇಸಿಗೆಯಲ್ಲಿ ಹ್ಯಾರೋದ ನಮ್ಮವರ ದಿನಸಿ ಅಂಗಡಿಯಲ್ಲಿ ಅವರಿಬ್ಬರೂ ಸಿಕ್ಕಿದರು. ಸುಶೀಲಾಬಾಯಿ ಸೊಪ್ಪು ಆರಿಸುತ್ತಿದ್ದರು. ಪ್ರಮೋದ್ ನನ್ನ ಗುರುತು ಹಿಡಿದು ಪಕ್ಕಕ್ಕೆ ಕರೆದು ಥ್ಯಾಂಕ್ಸ್ ಹೇಳಿದರು. ಬ್ಯಾಂಕಿನ ಆ ಪ್ರಸಂಗದಿಂದಲೇ ಅಮ್ಮನ ಮರೆವು ನಮ್ಮ ಗಮನಕ್ಕೆ ಬಂತು, ಡಾಕ್ಟರಿಗೆ ತೋರಿಸಿ ಪರೀಕ್ಷೆಗಳನ್ನು ಮಾಡಿಸುತ್ತಿದ್ದೇವೆ, ಒಬ್ಬರೇ ಇರುವುದು ಬೇಡವೆಂದು ಕಿಂಗ್ಸ್‌ಬರಿಯ ಮನೆ ಮಾರಿ ನಮ್ಮ ಜೊತೆ ಇಟ್ಟುಕೊಂಡಿದ್ದೇವೆ ಎಂದರು. ಒಳ್ಳೆಯ ಮಗ, ಕಳಕಳಿಯಿಂದಲೇ ಹೇಳಿದರು. ನನಗೆ ನಾಚಿಕೆಯಾಯಿತು. ಅಲ್ಲೇ ನಿಂತು ನಿಜ ಹೇಳಿದೆ: ಅವರಿಗೆ ಮರೆವಿಲ್ಲ, ಅವರು ನನಗೆ ಏನೂ ಹೇಳಿರಲಿಲ್ಲ, ನನ್ನನ್ನು ಉಳಿಸಲು ಸುಳ್ಳು ಹೇಳಿದರು. ಪ್ರಮೋದ್ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. ಹಾಗಾದರೆ ನಿನಗೆ ಹೇಗೆ ಗೊತ್ತಾಯಿತು? ಗೊತ್ತಿಲ್ಲ ಎಂದೆ. ಅವರು ಕನಿಕರದಿಂದ ನಕ್ಕು, ಅಮ್ಮನ ಮೇಲೆ ನಿನಗೆ ಅಷ್ಟು ಪ್ರೀತಿ ಇರುವುದು ಸಂತೋಷ ಎಂದು ಹೇಳಿ ಕಾರು ತರಲು ಹೋದರು.

ಸುಶೀಲಾಬಾಯಿ ಹತ್ತಿರ ಬಂದು ನನ್ನ ಮುಂಗೈ ಹಿಡಿದುಕೊಂಡರು. ಕಾಲೇಜಿನ ಪರೀಕ್ಷೆ ಹೇಗಾಯಿತು, ದಾವಣಗೆರೆಯಲ್ಲಿ ಎಲ್ಲ ಆರಾಮವೇ ಎಂದು ವಿಚಾರಿಸಿದರು. ನಾನು ಅಳುತ್ತ ತಪ್ಪಾಯಿತು ಎಂದೆ. 'ಅದಿರ್ಲಿ ಬಿಡು. ಮನೀ ಹೋದ್ರ ಹೋತು' ಎಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, 'ಐವತ್ತ ವರ್ಷ ಕೂಡಿ ಬಾಳ್ವಿ ಮಾಡೀನಿ. ನನಗ ಹೇಳಲಿಲ್ಲ, ನಿನಗ ಹೇಳ್ಯಾರ. ಮತ್ತೇನರೆ ಹೇಳ್ಯಾರೇನು, ತಂಗಿ? ನನ್ನ ಸಲುವಾಗಿ?' ಎಂದು ಕೇಳಿದರು.

ಇಲ್ಲ ಎಂದೆ. ಒಂದು ಸುಳ್ಳು ಹೇಳಬಹುದಿತ್ತು, ಅವರು ನನಗಾಗಿ ಹೇಳಿದ ಹಾಗೆ. ನನಗೆ ಬಾಯಿ ಬರಲಿಲ್ಲ. ಅವರು ನನ್ನ ಫೋನ್ ನಂಬರು ಬರೆಸಿಕೊಂಡರು. ಅದಾಗಿ ಕೆಲವು ವರ್ಷಗಳಾದವು. ನನಗೆ ಇಲ್ಲೇ ಕೆಲಸ ಸಿಕ್ಕಿದೆ, ಆ ಮಧ್ಯಾಹ್ನದಂಥದ್ದು ಮತ್ತೆಂದೂ ಆಗಿಲ್ಲ, ಅದು ಏನೆಂದು ಈಗಲೂ ಗೊತ್ತಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಅವರ ಫೋನ್ ಬರುತ್ತದೆ. ನನ್ನ ಊಟ, ಆರೋಗ್ಯ ಎಲ್ಲ ವಿಚಾರಿಸಿದ ಮೇಲೆ, ಇಡುವ ಮುಂಚೆ, 'ಏನರೆ?' ಎಂದಷ್ಟೇ ಕೇಳುತ್ತಾರೆ.

'ಇನ್ನೂ ಇಲ್ಲ ಅಜ್ಜಿ' ಎನ್ನುತ್ತೇನೆ.