ಪೆನ್ಸಿಲ್ ಅಕ್ಕನಿಗೆ ಸೀಟು ಸಿಕ್ಕಿದ್ದು

ನಗಬೇಡ. ಗುಮಾಸ್ತರ ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೇ, ಒಂದು ಫೋಟೋಗೆ ಇಪ್ಪತ್ತು ವರ್ಷ ವಯಸ್ಸಾಯಿತು ಅಂದರೆ ಆಯಿತು. ತಾತ ರೈಲು ಬಿಡ್ತಾನೆ ಅಂತೀಯಲ್ಲ, ಮೊದಲು ಪೂರ್ತಿ ಕೇಳು, ಆಮೇಲೆ ಚೈನ್ ಎಳಿ.

ಆಗೆಲ್ಲ ಫೋಟೋ ಅಂದರೆ ಕಪ್ಪು-ಬಿಳುಪು. ಬಸ್ ನಿಲ್ದಾಣದ ಹಿಂದಿನ ಸ್ಟುಡಿಯೋದಲ್ಲಿ ಗಂಡ ಫೋಟೋ ತೆಗೆದರೆ, ಹೆಂಡತಿ ಒಳಕೋಣೆಯ ಕಿಟಕಿ ಪಕ್ಕ ಕೂತು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುತ್ತಿದ್ದಳು. ಮೊಡವೆ ಮಾಯ, ಕಣ್ಣ ಕೆಳಗಿನ ಕಪ್ಪು ಮಾಯ. ಊರಿಗೆಲ್ಲ ಅವಳು ಪೆನ್ಸಿಲ್ ಅಕ್ಕ. ಅವಳು ತಿದ್ದಿದ ತನ್ನದೇ ಫೋಟೋ ನೋಡಿ ಒಬ್ಬ, ಯಾರೋ ದೊಡ್ಡ ಮನುಷ್ಯರಿರಬೇಕು ಅಂತ ಕೈಮುಗಿದನಂತೆ. ಇದೊಂದನ್ನು ನಂಬದಿದ್ದರೂ ಪರವಾಗಿಲ್ಲ.

ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ದಿನ ಬಂತೆಂದರೆ ಸ್ಟುಡಿಯೋ ಮುಂದೆ ಸಾಲೋ ಸಾಲು. ಆ ಮುಖಗಳನ್ನೆಲ್ಲ ಚಂದ ಮಾಡಿ ಕಳಿಸುತ್ತಾ ಕಳಿಸುತ್ತಾ ಅವಳಿಗೂ ಆಸೆ ಹುಟ್ಟಿತು. ಮದುವೆಯಾದಾಗ ಬಿಟ್ಟ ಓದನ್ನು ಮನೆಯಲ್ಲೇ ಮುಗಿಸಿ, ನಲವತ್ತರ ಹೊಸ್ತಿಲಲ್ಲಿ ಬಿ.ಎ.ಗೆ ಅರ್ಜಿ ತಂದಳು.

"ನಿನ್ನ ಫೋಟೋ ನಾನೇ ತಿದ್ತೀನಿ," ಅಂದ ಗಂಡ.

"ನಿಮಗೆ ಪೆನ್ಸಿಲ್ ಹಿಡಿಯೋಕೆ ಬರುತ್ತೇನ್ರೀ?"

"ಹೆಂಡ್ತಿ ಮುಖ ಗೊತ್ತಿಲ್ವೇನೇ ನಂಗೆ?"

ತಿದ್ದಿ, ಅಂಟಿಸಿ, ಅವನೇ ಹೋಗಿ ಅರ್ಜಿ ಕೊಟ್ಟೂ ಬಂದ. ಅವಳು ಆ ಫೋಟೋ ಕಂಡದ್ದು ಸೀಟು ಕೊಡುವ ಕಡೆಯ ದಿನ, ಗುಮಾಸ್ತರ ಮುಂದೆ. ವಿಶ್ವವಿದ್ಯಾಲಯ ಅಂದರೆ ಆಗ ಎರಡಂತಸ್ತಿನ ಪುಟ್ಟ ಕಟ್ಟಡ, ಹೊಸ ಸುಣ್ಣದ ವಾಸನೆ, ಕುಂಟುವ ಮೇಜು. ಗುಮಾಸ್ತರು ಫೋಟೋ ನೋಡಿದರು, ಅವಳನ್ನು ನೋಡಿದರು.

"ಮಗಳು ಹೊರಗಿದ್ದಾಳಾ ಅಮ್ಮ? ಕರೀರಿ."

"ಅದು ನಾನೇ ಸಾರ್."

"ತಮಾಷೆಗೆ ಟೈಮಿಲ್ಲ. ಐದಕ್ಕೆ ಬಾಗಿಲು ಹಾಕ್ತೀವಿ. ಮುಖ ಹೊಂದಲ್ಲ ಅಂದ್ರೆ ಮುಂದಿನ ವರ್ಷ ನೋಡ್ಕೊಳ್ಳಿ."

ಅವಳು ಬಗ್ಗಿ ಫೋಟೋ ನೋಡಿದಳು. ಹುಬ್ಬಿನ ಮೇಲಿನ ಗಾಯವಿಲ್ಲ, ಕೆನ್ನೆಯ ಮಚ್ಚೆಯಿಲ್ಲ, ಒಂದೆಳೆ ನರೆಯಿಲ್ಲ. ಮದುವೆಯ ವರ್ಷದ ಹುಡುಗಿಯೊಬ್ಬಳು ಪಿಳಿಪಿಳಿ ನೋಡುತ್ತಿದ್ದಳು.

"ಏನ್ರೀ ಇದು?" ಅಂತ ಹಿಂದೆ ನಿಂತ ಗಂಡನ ಕಡೆ ತಿರುಗಿದಳು.

"ನಂಗೆ ಕಾಣೋದು ಹಂಗೇ ಕಣೇ," ಅಂದ, ಉಗುರು ನೋಡಿಕೊಳ್ಳುತ್ತಾ.

ಬೈಯಲು ಬಾಯಿ ತೆರೆದಳು. ಆದರೆ ಇವತ್ತು ಹೋದ ಸೀಟು ಹೋದಂತೆ. ಈ ಧೈರ್ಯ ಇನ್ನೊಂದು ವರ್ಷ ಉಳಿಯುತ್ತದೆಂದು ಯಾರು ಕಂಡರು? ಜಡೆಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಎಳೆದಳು.

"ಸ್ವಲ್ಪ ಇರಿ ಸಾರ್."

ಮೊದಲು ಗಾಯ ಹಾಕಿದಳು, ಆಮೇಲೆ ಮಚ್ಚೆ, ಕಣ್ಣ ಸುತ್ತ ಗೆರೆ. ಗುಮಾಸ್ತರದೇ ಬ್ಲೇಡ್ ತಗೊಂಡು ಕಪ್ಪು ಕೂದಲನ್ನು ಸಣ್ಣಗೆ ಕೆರೆದಳು, ನರೆ ಬಂತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಒಂದೊಂದು ಗೆರೆಗೂ ಗಂಡ ತನ್ನ ಚರ್ಮ ಗೀರಿದಂತೆ ಮುಖ ಹಿಂಡುತ್ತಿದ್ದ.

"ಅಷ್ಟೊಂದು ಬೇಡ ಕಣೇ!"

"ಸುಮ್ನಿರ್ರೀ. ಈ ನರೆ, ಗೆರೆ ಎಲ್ಲಾ ನಿಮ್ಮಿಂದಾನೇ ಬಂದಿರೋದು."

ಗುಮಾಸ್ತರು ಫೋಟೋ ನೋಡಿದರು, ಮುಖ ನೋಡಿದರು. "ಸಾಕಮ್ಮಾ ಸಾಕು! ಇನ್ನೆರಡು ಗೆರೆ ಎಳೆದ್ರೆ ಸೀಟಲ್ಲ, ಪಿಂಚಣಿ ಕೊಡ್ಬೇಕಾಗುತ್ತೆ," ಅಂತ ಠಪ್ಪನೆ ಮೊಹರು ಒತ್ತಿಯೇಬಿಟ್ಟರು.

ಹೊರಗೆ ಮೆಟ್ಟಿಲ ಮೇಲೆ ಅವಳು ಮೆಲ್ಲಗೆ ಕೇಳಿದಳು: "ನೀವು ತಿದ್ದಿದ್ದರ ನೆಗೆಟಿವ್ ಇದೆಯೇನ್ರೀ?"

"ಇದೆ. ಹರಿದು ಹಾಕ್ಲಾ?"

"ಹಾಕಿ ನೋಡಿ, ಗೊತ್ತಾಗುತ್ತೆ."

ಇನ್ನು ಅವಳು ತರಗತಿಗೆ ಕಾಲಿಟ್ಟ ದಿನ ಮೇಷ್ಟ್ರು, ಯಾರೋ ತಪಾಸಣೆಗೆ ಬಂದರು ಅಂತ ಎದ್ದು ನಿಂತು...

"ಮಾವ, ಊಟಕ್ಕೆ ತಟ್ಟೆ ಹಾಕಿ ಎಷ್ಟೊತ್ತಾಯ್ತು! ಆಮೇಲೆ ಆರಿಹೋಯ್ತು ಅಂತ ನನ್ನೇ ಅಂತೀರಿ."

ಬಂದೆ ಕಣಮ್ಮಾ, ಬಂದೆ.