ಗೊತ್ತಿದ್ದೂ ಕೇಳುವವರು

ನನ್ನ ತಮ್ಮನ ಮಗಳಿಗೆ ಹಾಲು ಕರೆಯುವುದನ್ನು ಯಾರೂ ಕಲಿಸಲಿಲ್ಲ. ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೀಗೆ ಮಾಡು, ಹಾಗೆ ಮಾಡು ಎಂದು ಯಾರೂ ಹೇಳುವುದಿಲ್ಲ. ಅವು ಕಾಲಿಗೆ ಅಡ್ಡ ಬರುತ್ತಾ, ಬೈಸಿಕೊಳ್ಳುತ್ತಾ ನೋಡುತ್ತಿರುತ್ತವೆ. ಒಂದು ದಿನ ನಾವು ಕೈ ತೊಳೆದು ಬರುವಷ್ಟರಲ್ಲಿ ತಾವೇ ಕೆಚ್ಚಲಿಗೆ ಕೈ ಹಾಕಿರುತ್ತವೆ. ಈ ಹುಡುಗಿಗಂತೂ ಮೈಯೆಲ್ಲ ಕಣ್ಣು. ಸೊಪ್ಪು ಬಿಡಿಸುತ್ತಾ ನನ್ನೊಡನೆ ಹರಟುತ್ತಿದ್ದವಳು, ಬೆನ್ನ ಹಿಂದೆ ಹಸು ಕಾಲು ಬದಲಿಸಿದ ಸದ್ದಿಗೇ, "ಅತ್ತೆ, ಅದು ಇವತ್ತೇ ಕರ ಆಕ್ತದೆ" ಎಂದಳು. ಸಂಜೆಗೆ ಹಾಕಿತು.

ಅವಳನ್ನು ಬಂಗಾರಪೇಟೆಯ ಒಂದು ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದಾಯಿತು. ನಾನು ಕೆಜಿಎಫ್‌ಗೆ ಕೊಟ್ಟ ಹೆಣ್ಣು. ಅಲ್ಲಿ ತಮಿಳು, ತೆಲುಗು ಎಲ್ಲ ಕಿವಿಗೆ ಬಿದ್ದು ಬಾಯಿ ಜೋರು. ಅದಕ್ಕೇ ತಮ್ಮನ ಹೆಂಡತಿ ನನ್ನನ್ನೂ ಕರೆದಳು. ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಗೆ ಹೋದೆ.

ಶಾಲೆಯ ಮೇಡಂ ಒಳ್ಳೆಯ ಹೆಂಗಸೇ. ಹಸುವಿನ ಚಿತ್ರ ತೋರಿಸಿ "ಇದೇನು ಪುಟ್ಟಾ?" ಎಂದರು. ಹುಡುಗಿ ಮೇಡಂ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮತ್ತೆ ಕೇಳಿದರು. ಮಾತಿಲ್ಲ. ಕೋಳಿ ತೋರಿಸಿದರು, ನಾಯಿ ತೋರಿಸಿದರು. ಅಷ್ಟರಲ್ಲಿ ಅವಳ ಕಣ್ಣು ಕಿಟಕಿಯಾಚೆ ನೀರು ತುಂಬಿಸುತ್ತಿದ್ದ ಆಯಾಳ ಮೇಲೆ, ಬಾಗಿಲಲ್ಲಿ ಅಳುತ್ತಿದ್ದ ಮಗುವಿನ ಮೇಲೆ ಓಡಾಡುತ್ತಿತ್ತು.

"ಗಮನ ಒಂದು ಕಡೆ ನಿಲ್ಲಲ್ಲ. ಬುದ್ಧಿ ಸ್ವಲ್ಪ ನಿಧಾನ ಇರಬಹುದು. ಸೇರಿಸಿಕೊಳ್ತೀವಿ, ಮನೇಲಿ ದಿನಾ ಕೂರಿಸಿ ಅಭ್ಯಾಸ ಮಾಡಿಸಿ."

ಹೊರಗೆ ಬಂದ ಮೇಲೆ ಹುಡುಗಿ ನನ್ನ ಸೆರಗು ಜಗ್ಗಿದಳು. "ಅಷ್ಟು ದೊಡ್ಡೋರಿಗೆ ಅಸ ಅಂದ್ರೆ ಗೊತ್ತಿಲ್ವೇನತ್ತೆ?"

ನಮ್ಮೂರಲ್ಲಿ ದೊಡ್ಡವರು ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಕುರಿ ಯಾವ ಕಡೆ ಹೋಯಿತು, ಅಪ್ಪ ಬಂದನಾ, ಇಂಥವನ್ನು. ಗೊತ್ತಿದ್ದೂ ಕೇಳಿದರೆ ಅದು ಗೇಲಿ. ದೊಡ್ಡವರ ಗೇಲಿಗೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ. ನಾನು ಒಳಗೆ ಹೋಗಿ ಇದನ್ನೇ ಹೇಳಿದೆ. ಮೇಡಂ ನಕ್ಕು, ಮನೆಯವರೆಲ್ಲ ಹೀಗೇ ಏನಾದರೊಂದು ಹೇಳುತ್ತಾರೆ ಎಂದರು.

ತಮ್ಮನ ಹೆಂಡತಿಗೆ 'ನಿಧಾನ' ಎಂಬ ಮಾತು ಎದೆಗೆ ನಾಟಿತ್ತು. ಬಸ್ಸಿನಲ್ಲಿ ಊರಿನವರೆಗೂ ಅತ್ತಳು. ಮಾರನೆಯ ದಿನದಿಂದ ಹುಡುಗಿಗೆ ಕೊಟ್ಟಿಗೆ ಬಂದ್. ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕು, ತಲೆಯೆತ್ತಿದರೆ ಬೆನ್ನಿಗೆ ಗುದ್ದು. "ಬುಕ್ಕು ನೋಡ್ಲೇ! ಇನ್ನೇನೂ ನೋಡ್ಬೇಡ." ಹೋದಾಗಲೆಲ್ಲ ನಾನು ಜಗಳವಾಡಿದೆ.

"ನಿಮ್ಗೇನತ್ತಿಗೆ, ನಿಮ್ಮ ಮಕ್ಕಳು ಓದ್ಕೊಂಡ್ರು. ನನ್ನ ಮಗಳು ನನ್ನಂಗೇ ಸಗಣಿ ಬಾಚ್ಕೊಂಡು ಸಾಯ್ಬೇಕಾ?" ಎಂದಳು.

ಅವಳ ಹೆದರಿಕೆ ಸುಳ್ಳಲ್ಲ. ಆಮೇಲೆ ನಾನು ಜಗಳ ಬಿಟ್ಟೆ.

ಹುಡುಗಿ ಕಲಿತಳು. ಚಿತ್ರ ತೋರಿಸಿದರೆ ಎದ್ದು, ಕೈಕಟ್ಟಿ, ನೆಟ್ಟಗೆ ನಿಂತು ಹೇಳುವಳು. ಹಸುವಿಗೆ ಕೌ, ಕರುವಿಗೆ ಕಾಫ್, ಕೋಳಿಗೆ ಹೆನ್. ಮೇಡಂ ಚಪ್ಪಾಳೆ ಹೊಡೆಸಿದರಂತೆ. ಆದರೆ ನಾನು ಬಂದರೆ ಓಡಿ ಬರುತ್ತಿದ್ದವಳು ಈಗ ಕರೆಯುವ ತನಕ ತಿರುಗುತ್ತಲೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನೂ ಅವಳ ತಾಯಿಯೂ ಮೇವು ತರಲು ಹೋಗಿದ್ದೆವು. ಹುಡುಗಿ ಜಗಲಿಯಲ್ಲಿ ಬರೆಯುತ್ತಿದ್ದಳು. ಹಿಂದಿರುಗುವಾಗ ದಾರಿಯಲ್ಲೇ ಹಸುವಿನ ಕೂಗು ಕೇಳಿಸಿತು. ಬಂದು ನೋಡಿದರೆ, ಜಗಲಿಯ ಕಂಬಕ್ಕೆ ಕಟ್ಟಿದ್ದ ಎಳೆಗರು ಕೊರಳಿಗೆ ಹಗ್ಗ ಸುತ್ತಿಕೊಂಡು ಸತ್ತು ಬಿದ್ದಿದೆ. ಒದ್ದಾಡಿದ ಗೊರಸಿನ ಗುರುತು ಅವಳ ಚಾಪೆಯ ಅಂಚಿನವರೆಗೂ ಇತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಇನ್ನೂ ಬರೆಯುತ್ತಿದ್ದಳು.

ತಾಯಿ ರಟ್ಟೆ ಹಿಡಿದು ಎಬ್ಬಿಸಿ, ಕರುವಿನ ಕಡೆಗೆ ತಿರುಗಿಸಿ, "ಏನೇ ಇದು? ಏನೇ ಇದು?" ಎಂದು ಕಿರುಚಿದಳು.

ಹುಡುಗಿ ಕೈಕಟ್ಟಿ ನೆಟ್ಟಗೆ ನಿಂತಳು.

"ಕಾಫ್" ಎಂದಳು.