ಒಂಟೆ ಜೇಡ ತಪ್ಪಿಸಿಕೊಂಡ ಸಂಜೆ

ಸಾದಲಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆ ಮಹಡಿಯ ಮೇಲಿತ್ತು. ಕೆಳಗೆ ರೇಷ್ಮೆಹುಳು ಸಾಕುವ ಮನೆ, ಪಕ್ಕದಲ್ಲೇ ಮನೆಯೊಡತಿಯ ಸಂಸಾರ. ನಾನು ಶಿಡ್ಲಘಟ್ಟದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಗಂಡನನ್ನು ಬಿಟ್ಟು ಬಂದು ಒಂದು ವರ್ಷವಾಗಿತ್ತು. ಸಾದಲಿಯಲ್ಲಿ ಮಾತ್ರ, ಅವರಿಗೆ ರಾಯಚೂರಿನಲ್ಲಿ ಕೆಲಸ, ರಜೆ ಸಿಗುವುದಿಲ್ಲ ಎಂದು ಹೇಳಿಕೊಂಡಿದ್ದೆ. ಅಂಥ ಸುಳ್ಳು ಹೇಳಿದ ಮೇಲೆ ಯಾರ ಜೊತೆಯೂ ಹೆಚ್ಚು ಹೊತ್ತು ಕೂರುವಂತಿರಲಿಲ್ಲ. ಮಾತು ಬೆಳೆದರೆ ಪ್ರಶ್ನೆ ಬರುತ್ತಿತ್ತು.

ಬೇಸಿಗೆಯ ಒಂದು ಭಾನುವಾರ ಬಚ್ಚಲಿನಲ್ಲಿ ಏನೋ ಸರ್ರನೆ ಓಡಿತು. ಅಂಗೈಯಗಲ, ಒಣಹುಲ್ಲಿನ ಬಣ್ಣ, ಮೈತುಂಬ ಕೂದಲು, ಮುಖದಲ್ಲಿ ಇಕ್ಕಳದಂಥ ಎರಡು ದವಡೆ. ಚೇಳಿರಬಹುದೆಂದು ಬೋಗುಣಿ ಕವುಚಿ ಹಿಡಿದೆ. ಫೋನಿನಲ್ಲಿ ಹುಡುಕಿದಾಗ ಒಂಟೆ ಜೇಡ ಎಂದು ಗೊತ್ತಾಯಿತು. ವಿಷವಿಲ್ಲ, ಕಚ್ಚಿದರೆ ನೋವು ಮಾತ್ರ. ಹೊರಗೆ ಬಿಡಬೇಕೆಂದುಕೊಂಡವಳು ಅಂದು ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ಕೋಣೆಯಲ್ಲಿ ನಾನಲ್ಲದೆ ಇನ್ನೊಂದು ಜೀವ ಅಲುಗಾಡುವ ಸದ್ದು ಕೇಳಿ ಬಹಳ ದಿನವಾಗಿತ್ತು.

ಚಿಂತಾಮಣಿಗೆ ಹೋಗಿ ಮೀನು ಸಾಕುವ ಗಾಜಿನ ತೊಟ್ಟಿ ತಂದೆ. ಕೆಂಪು ಮಣ್ಣು ತುಂಬಿ, ಮುರಿದ ಹೆಂಚಿನ ಚೂರಿಟ್ಟೆ. ಜಿರಲೆ, ಮಿಡತೆ ಹಿಡಿದು ಹಾಕಿದರೆ ಕಟಕಟನೆ ಕಡಿದು ತಿನ್ನುತ್ತಿತ್ತು. ಸಂಜೆ ಬಂದು ಅದರ ಮುಂದೆ ಕಾಫಿ ಕುಡಿಯುತ್ತ ಆಸ್ಪತ್ರೆಯ ಸಮಾಚಾರ ಹೇಳುತ್ತಿದ್ದೆ. ನನ್ನ ಗುರುತು ಅದಕ್ಕೆ ಒಂದು ದಿನವೂ ಹತ್ತಲಿಲ್ಲ. ಎರಡು ತಿಂಗಳಾದ ಮೇಲೂ ಮುಚ್ಚಳ ತೆಗೆದರೆ ಮೊದಲ ದಿನದ ಹಾಗೆಯೇ ಮುಂಗಾಲೆತ್ತಿ ದವಡೆ ತೆರೆದು ನಿಲ್ಲುತ್ತಿತ್ತು. ನಾಯಿಯನ್ನೋ ಬೆಕ್ಕನ್ನೋ ಸಾಕಿದ್ದರೆ ಬಾಗಿಲಿಗಾದರೂ ಬರುತ್ತಿತ್ತು ಎನ್ನಿಸಿ ಒಮ್ಮೊಮ್ಮೆ ಅಳು ಬರುತ್ತಿತ್ತು. ಆದರೂ ಬಿಡಲು ಮನಸ್ಸಾಗಲಿಲ್ಲ.

ಒಂದು ಸಂಜೆ ಬಂದು ನೋಡಿದರೆ ಮುಚ್ಚಳ ಓರೆಯಾಗಿತ್ತು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಸರಿಯಾಗಿ ಮುಚ್ಚಿರಲಿಲ್ಲ. ಮಂಚದ ಕೆಳಗೆ, ಬಟ್ಟೆಗಳ ನಡುವೆ, ಎಲ್ಲೂ ಇಲ್ಲ. ಬಚ್ಚಲ ಮೂಲೆಯಲ್ಲಿ ನೀರಿನ ಪೈಪು ಕೆಳಗಿಳಿಯುವ ಕಂಡಿಯಿತ್ತು. ಅದು ತೆರೆದುಕೊಳ್ಳುವುದು ಹುಳುಮನೆಯ ಪಕ್ಕಕ್ಕೆ. ಕೆಳಗೆ ಹುಳು ನಾಲ್ಕನೇ ಜ್ವರ ಕಳೆದು, ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಸುಮ್ಮನಿದ್ದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ಇಳಿದು ಹೋಗಿ ಮನೆಯೊಡತಿಗೆ ಜೇಡದ ವಿಷಯವೆಲ್ಲ ಹೇಳಿದೆ.

"ಅಯ್ಯೋ ದೇವುಡಾ! ಹುಳ ಸಾಕೋ ಮನೇಲಿ ಜೇಡ ಸಾಕ್ತಿದ್ರಾ ಮೇಡಂ? ತಲೆ ನೆಟ್ಟಗೈತಾ ನಿಮ್ಗೆ?"

"ತಪ್ಪಾಯ್ತು ಅಕ್ಕ."

ಬೈಯುತ್ತಲೇ ಟಾರ್ಚ್ ತಂದರು. ಹುಳುಮನೆಯಲ್ಲಿ ಹುಳು ಮೇಯುವ ಒಂದೊಂದೇ ತಟ್ಟೆ ನೋಡುತ್ತ ಹೊರಟೆವು. ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯಂತಿತ್ತು. ನಾಲ್ಕನೆಯ ಸಾಲಿನ ಹತ್ತಿರ ಆಕೆ ನನ್ನತ್ತ ತಿರುಗದೆಯೇ ಕೇಳಿದರು.

"ನಿಮ್ ಯಜಮಾನ್ರು ಬರಲ್ಲ, ಅಲ್ವಾ?"

"ಬರಲ್ಲ ಅಕ್ಕ. ಬಿಟ್ಟು ಬಂದಿದೀನಿ."

"ನಂಗೊತ್ತಿತ್ತು ಕಣಮ್ಮ. ಒಂದ್ ವರ್ಷ ಆಯ್ತು, ಒಂದ್ ದಿನಾನೂ ನೀವು ಫೋನಲ್ಲಿ ನಕ್ಕಿದ್ದು ಕೇಳ್ಲಿಲ್ಲ."

ಅಷ್ಟೇ. ಟಾರ್ಚನ್ನು ನನ್ನ ಕೈಗೆ ಕೊಟ್ಟು, "ಆ ಕಡೆ ನೋಡಿ" ಎಂದರು.

ಕೊನೆಗೆ ಜೇಡ ಸಿಕ್ಕಿದ್ದು ಸೊಪ್ಪಿನ ಕೋಣೆಯಲ್ಲಿ, ಒಣ ಗೋಣಿಚೀಲಗಳ ಅಡಿಯಲ್ಲಿ. ಬೆಳಕು ಬಿದ್ದರೂ ಓಡಲಿಲ್ಲ. ಹೊಟ್ಟೆ ಉಬ್ಬಿ ಮೈ ಭಾರವಾಗಿತ್ತು. ನಾನು ತಿನ್ನಿಸಿದ್ದು ಹೆಚ್ಚಾಯಿತು ಎಂದುಕೊಂಡಿದ್ದೆ.

ಆಕೆ ಬಗ್ಗಿ ನೋಡಿದರು. "ಬಸ್ರಿ ಇದ್ದಂಗೈತೆ. ಪಾಪ, ಹೊಡೀಬೇಡಿ. ಬೆಳಿಗ್ಗೆ ಬೆಟ್ಟದ ಕಡೆ ಬಿಟ್ಬನ್ನಿ."

ರಾತ್ರಿಯೇ ಡಬ್ಬಿಗೆ ಹಾಕಿಟ್ಟು, ಬೆಳಿಗ್ಗೆ ಹಿಪ್ಪುನೇರಳೆ ತೋಟ ದಾಟಿ ಹೋದೆ. ಬಂಡೆಗಳ ನಡುವೆ ಡಬ್ಬಿ ಓರೆ ಮಾಡಿದೆ. ಕ್ಷಣ ನಿಂತಿತು, ಆಮೇಲೆ ಒಂದು ಕಲ್ಲಿನ ಸಂದಿಗೆ ನುಗ್ಗಿತು. ಬಸ್ಸು ತಪ್ಪಿದರೂ ಸರಿ ಎಂದು ಅಲ್ಲೇ ಕೂತಿದ್ದೆ. ಅದು ಮತ್ತೆ ಹೊರಗೆ ಬರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಆಕೆ ಕೆಳಗಿಂದ ಕೂಗಿದರು. "ಮೇಡಂ, ಹುಳ ಹಣ್ಣಾಗವೆ, ಕೈ ಸಾಲಲ್ಲ. ಬರ್ತೀರಾ?"

ಹೋದೆ. ಗೂಡು ಕಟ್ಟಲು ಸಿದ್ಧವಾದ ಹುಳು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವುದನ್ನು ತೋರಿಸಿಕೊಟ್ಟರು. ಹುಳು ಬೆರಳಿಗೆ ತಣ್ಣಗೆ, ಮೆತ್ತಗೆ ಹತ್ತುತ್ತಿತ್ತು. ಕತ್ತಲಾಗುವವರೆಗೆ ಆರಿಸಿದೆವು. ಹೊರಡುವಾಗ ಆಕೆ, "ಮುದ್ದೆ ಮಾಡೀನಿ, ಉಂಡ್ಕೊಂಡ್ ಹೋಗಿ" ಎಂದರು. ಒಳಗೆ ಮಕ್ಕಳು ತಟ್ಟೆಗಾಗಿ ಜಗಳವಾಡುತ್ತಿದ್ದರು, ಅವರ ತಂದೆ ಗದರುತ್ತಿದ್ದರು.

"ಬೇಡ ಅಕ್ಕ, ಅನ್ನ ಮಾಡಿಟ್ಟಿದೀನಿ" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಇವತ್ತಿಗೂ ತಿಳಿಯದು. ಮೇಲೆ ಹೋಗಿ ಕೈ ತೊಳೆದುಕೊಂಡು, ಒಂದು ಪಾವು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ.